ಹೆಳವಜ್ಜನ ಪುಸ್ತಕ: ನೂರು ವರ್ಷದ ಹಿಂದೆ ತೀರಿಹೋದ ನಮ್ಮ ಮನೆಯ ಕೂಸನ್ನು ಹುಡುಕಿಕೊಟ್ಟವರ ಬಗ್ಗೆ

ನಿಮ್ಮ ಮನೆಗೆ ಹೆಳವರು ಬರುತ್ತಾರಾ? ಬರುತ್ತಿದ್ದರೆ ಮುಂದಿನ ಸಲ ಬಾಗಿಲಲ್ಲೇ ನೂರು ರೂಪಾಯಿ ಕೊಟ್ಟು ಕಳಿಸಬೇಡಿ. ಒಳಗೆ ಕರೆಯಿರಿ, ಚಾ ಕೊಡಿ, ಪುಸ್ತಕ ಬಿಚ್ಚಿಸಿ ಎರಡು ತಾಸು ಕೂತು ಕೇಳಿ. ನಾನು ಇಷ್ಟು ವರ್ಷ ಹಾಗೆ ಮಾಡಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೋಟೆಲಿಗೆ, ಮಿಕ್ಸರಿಗೆ, ಚಪ್ಪಲಿಗೆ ಎಲ್ಲದಕ್ಕೂ ರಿವ್ಯೂ ಬರೆಯುತ್ತೇವೆ. ತಲೆತಲಾಂತರದಿಂದ ನಮ್ಮ ಮನೆಗಳ ಲೆಕ್ಕ ಇಟ್ಟುಕೊಂಡು ಬಂದವರ ಕೆಲಸದ ಬಗ್ಗೆಯೂ ಒಬ್ಬರಾದರೂ ಬರೆಯಬೇಕು ಅಲ್ವಾ?

ಗೊತ್ತಿಲ್ಲದವರಿಗೆ ಎರಡು ಮಾತು. ಹೆಳವರು ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟು, ಊರೂರು ತಿರುಗಿ, ಆಯಾ ಮನೆಯ ಜಗಲಿಯಲ್ಲಿ ಕೂತು ಅದನ್ನು ರಾಗವಾಗಿ ಓದಿ ಹೇಳುವವರು. ಉತ್ತರ ಕರ್ನಾಟಕದಲ್ಲಿ ಜಾಸ್ತಿ. ಹೆಳವ ಎಂದರೆ ಕಾಲಿಲ್ಲದವನು ಎಂದು ಅರ್ಥ. ಹಿಂದೆ ಇವರು ಎತ್ತಿನ ಮೇಲೆ ಕೂತು, ಕಾಲು ಕಾಣದ ಹಾಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತಾ ಬರುತ್ತಿದ್ದರು. ತಮ್ಮ ಮೂಲದವನಿಗೆ ಬಸವಣ್ಣನವರೇ ಎತ್ತು ಕೊಟ್ಟರು ಎಂದು ನಮ್ಮ ಹೆಳವಜ್ಜ ಹೇಳಿದರು. ಈಗ ಎತ್ತು ಕಡಿಮೆ, ಬೈಕಿನ ಮೇಲೆ ಬರುತ್ತಾರೆ, ಬಸ್ಸಿನಲ್ಲಿ ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಬರುವುದು ಮಾತ್ರ ಹಾಗೇ ಇದೆ.

ನಾನು ಅವರ ಹತ್ತಿರ ಹೋದದ್ದು ಒಂದು ಕಲ್ಲಿನ ಕಾರಣಕ್ಕೆ.

ನಮ್ಮೂರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿ. ನಮ್ಮ ಹೊಲದ ಪಡುವಣ ಬದುವಿನಿಂದ ಹತ್ತು ಹೆಜ್ಜೆ ಒಳಗೆ ಒಂದು ಬೇವಿನ ಗಿಡ, ಅದರ ಬುಡದಲ್ಲಿ ಮೊಣಕಾಲೆತ್ತರದ ಒಂದು ಸಣ್ಣ ಕಲ್ಲಿನ ಕಟ್ಟೆ. ಉದ್ದ ಒಂದು ಗಜವೂ ಇಲ್ಲ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಹಾಗಾಗಿ ಹೊಲದಲ್ಲಿ ಹಿರಿಯರ ಗದ್ದುಗೆ ಇರುವುದು ಹೊಸದಲ್ಲ. ಆದರೆ ಈ ಕಟ್ಟೆ ಹಿರಿಯರ ಗದ್ದುಗೆಗಳ ಸಾಲಿನಲ್ಲಿ ಇಲ್ಲ, ಒಂದೇ ಬೇರೆ ಕಡೆ ಇದೆ. ಎಲ್ಲರೂ ಅದನ್ನು ಕೂಸಿನ ಕಲ್ಲು ಅನ್ನುತ್ತೇವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲಲು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಾಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಲ್ಲರಿಗಿಂತ ಮೊದಲು ಆ ಕಲ್ಲಿಗೆ ಎಡೆ ಇಡುತ್ತಿದ್ದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಏನೂ ಅಲ್ಲಿಗೆ ಇಲ್ಲ. ಒಂದು ಬಟ್ಟಲು ಹಾಲು, ಒಂದು ಚೂರು ಹೋಳಿಗೆ ಅಷ್ಟೇ. ಯಾಕೆ ಅಂತ ಕೇಳಿದರೆ "ಕೂಸಿಗೆ ಖಾರ ಹತ್ತತೈತಿ" ಅನ್ನುತ್ತಿದ್ದಳು. ಯಾರ ಕೂಸು ಎಂದು ಕೇಳಿದರೆ "ನಮ್ಮ ಅತ್ತಿ ಇಡ್ತಿದ್ರು, ನಾನೂ ಇಡ್ತೀನಿ". ಅಷ್ಟಕ್ಕೇ ಮಾತು ನಿಲ್ಲುತ್ತಿತ್ತು. ನಾನೂ ಸಣ್ಣವಳು, ಬಟ್ಟಲಿನ ಹಾಲಿಗೆ ಇರುವೆ ಬರುವುದನ್ನು ನೋಡುತ್ತಾ ಕೂರುತ್ತಿದ್ದೆ, ಮುಂದೆ ಕೇಳಲಿಲ್ಲ. 2009ರಲ್ಲಿ ಆಯಿ ಹೋದಳು.

ಎತ್ತಿನ ಗಳೆ ಇದ್ದಾಗ ಗಳೆ ಆ ಕಲ್ಲನ್ನು ಸುತ್ತಿ ಹೋಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದೂ ಸುತ್ತಿಯೇ ಹೋಗುತ್ತಿತ್ತು. ಹೋದ ವರ್ಷ ಕಾಕಾ ಬೋರ್ ಹಾಕಿಸಿ, ಕಬ್ಬಿಗೆ ಡ್ರಿಪ್ ಮಾಡಿಸಬೇಕು ಎಂದು ಹೊರಟರು. ಪೈಪಿನ ಸಾಲು ನೇರ ಬರಬೇಕು, ಆ ಕಲ್ಲು ತೆಗೆಸಿ ಹಿರಿಯರ ಗದ್ದುಗೆ ಕಡೆ ಇಡೋಣ ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಯಾರದು ಅಂತಲೇ ಗೊತ್ತಿಲ್ಲವಲ್ಲ ಎಂಬುದು ಅವರ ಮಾತು, ಅದು ನಿಜವೂ ಹೌದು. ನಾನು ಒಂದು ವರ್ಷ ತಡೆಯಿರಿ ಎಂದು ಕೇಳಿಕೊಂಡೆ. ಬರುವ ಎಳ್ಳ ಅಮಾವಾಸ್ಯೆ ತನಕ ಎಂದು ಒಪ್ಪಿದರು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ, ಮೊಬೈಲ್ ತೆಗೆದೆ. ಒಂದು ಕಂಪನಿಯ ವಂಶವೃಕ್ಷ ಆ್ಯಪಿಗೆ ಒಂದು ವರ್ಷದ ಹಣ ಕಟ್ಟಿದೆ. ಹೆಸರು ಹೇಳುವುದಿಲ್ಲ. ಅಜ್ಜನ ಹೆಸರು, ಊರು ಹಾಕಿದರೆ ಎಲ್ಲೋ ಬೇರೆ ರಾಜ್ಯದ ಅದೇ ಹೆಸರಿನವರನ್ನು ತಂದು ತೋರಿಸಿ ಇವರು ನಿಮ್ಮವರಾ ಎಂದು ಮತ್ತೆ ಮತ್ತೆ ಕೇಳುತ್ತಿತ್ತು. ಹಣ ವಾಪಸ್ ಕೇಳಿದೆ, ಕೊಡಲಿಲ್ಲ. ಆಮೇಲೆ ಫ್ಯಾಮಿಲಿಸರ್ಚ್ ನೋಡಿದೆ. ಇದು ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಚರ್ಚಿನವರು ನಡೆಸುವುದು, ಪೂರ್ತಿ ಉಚಿತ. ಹರಿದ್ವಾರದ ಪಂಡಾಗಳು ಯಾತ್ರಿಕರ ಮನೆತನಗಳನ್ನು ಬರೆದಿಟ್ಟ ಬಹಿಗಳ ಫೋಟೋಗಳನ್ನೂ ಇವರು ತೆಗೆದು ಇಟ್ಟಿದ್ದಾರೆ, ಅಲ್ಲಿಗೆ ಹೋಗಿಬರುತ್ತಿದ್ದ ಮನೆತನದವರಿಗೆ ಅದು ದೊಡ್ಡ ಉಪಕಾರ. ನಮ್ಮ ಹಳ್ಳಿಯ ಪುಟ ನನಗೆ ಅಲ್ಲಿ ಸಿಗಲಿಲ್ಲ. ಆದರೆ ಗೊತ್ತಿರುವುದನ್ನು ಬರೆದಿಡಲು ಅದು ಚೆನ್ನಾಗಿದೆ. ಎಳೆ ವಯಸ್ಸಿನಲ್ಲಿ ಹೋದವರಿಗೂ ಅಲ್ಲಿ ಜಾಗ ಉಂಟು, ಹುಟ್ಟಿದ ವರ್ಷ ಸರಿಯಾಗಿ ಗೊತ್ತಿಲ್ಲದಿದ್ದರೆ ಸುಮಾರು ಎಂದು ಹಾಕಬಹುದು.

ಆಮೇಲೆ ಮನೆಯ ಟ್ರಂಕು. ಅಜ್ಜ ತೀರಿದಾಗ ಪೌತಿ ಖಾತೆಗೆ ಮಾಡಿಸಿದ ವಂಶವೃಕ್ಷ ಅದರಲ್ಲಿತ್ತು. ಮುತ್ತಜ್ಜನ ಹೆಸರು ಮೇಲೆ, ಮುಂದೆ "ಮಯತ" ಅಂದರೆ ತೀರಿಕೊಂಡವರು ಎಂದು, ಅದರ ಕೆಳಗೆ ಮೂರು ಗಂಡುಮಕ್ಕಳು, ಅವರ ಕೆಳಗೆ ಅವರ ಮಕ್ಕಳು. ಅದನ್ನು ನೋಡುತ್ತಾ ಒಂದು ವಿಷಯ ಹೊಳೆಯಿತು. ಈ ಕಾಗದ ಭೂಮಿ ಯಾರಿಗೆ ಹೋಗಬೇಕು ಎಂಬುದಕ್ಕಾಗಿ ಬರೆದದ್ದು. ಐದಾರು ವರ್ಷಕ್ಕೆ ಹೋದ ಮಗುವಿಗೆ ವಾರಸುದಾರರಿಲ್ಲ, ಅದು ಏನನ್ನೂ ಕೇಳುವುದಿಲ್ಲ, ಹಾಗಾಗಿ ಅದಕ್ಕೊಂದು ಗೆರೆಯನ್ನೂ ಯಾರೂ ಎಳೆಯುವುದಿಲ್ಲ. ಮದುವೆ ಇಲ್ಲ, ಶಾಲೆ ಇಲ್ಲ, ಓಟು ಇಲ್ಲ, ಸಾಲ ಇಲ್ಲ, ಫೋಟೋ ಅಂತೂ ಇಲ್ಲವೇ ಇಲ್ಲ. ದೊಡ್ಡವರನ್ನು ಹುಡುಕುವ ಒಂದು ದಾರಿಯೂ ಇಲ್ಲಿ ನಡೆಯುವುದಿಲ್ಲ.

ತಾಲೂಕು ಕಚೇರಿಗೂ ಹೋದೆ. ನಮ್ಮ ದೇಶದಲ್ಲಿ ಈಗಿರುವ ಜನನ ಮರಣ ನೋಂದಣಿ ಕಾಯ್ದೆ 1969ರದು. ಅದಕ್ಕೂ ಮೊದಲು ಮುಂಬೈ ಪ್ರಾಂತ್ಯದ ನಮ್ಮ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲರು ಹುಟ್ಟು ಸಾವು ವರದಿ ಮಾಡುತ್ತಿದ್ದರು. ಹಳೆಯ ಆ ಪುಸ್ತಕಗಳಲ್ಲಿ ಉಳಿದವು ತಾಲೂಕಿನ ದಾಖಲೆ ಕೋಣೆಯಲ್ಲಿರುತ್ತವೆ. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ಯಾವ ಇಸವಿ? ಗೊತ್ತಿಲ್ಲ ಎಂದೆ. ಹೆಸರು? ಗೊತ್ತಿಲ್ಲ. ಗಂಡೋ ಹೆಣ್ಣೋ? ಅದೂ ಗೊತ್ತಿಲ್ಲ. ಮೂರು ಸಲ ತಿರುಗಾಡಿಸಿದರು, ನಾಲ್ಕನೇ ಸಲ ಅಲಭ್ಯ ಎಂದು ಒಂದು ಕಾಗದ ಕೈಗಿಟ್ಟರು. ಒಂದು ಪುಸ್ತಕವನ್ನೂ ತೆರೆಯದೆ ಅಲಭ್ಯ ಎಂದು ಬರೆದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಆದರೆ ವರ್ಷವೇ ಹೇಳದವಳಿಗಾಗಿ ಐವತ್ತು ವರ್ಷದ ಪುಸ್ತಕ ಹೊರಳಿಸುವುದು ಕಷ್ಟ ಎಂಬುದನ್ನೂ ಒಪ್ಪುತ್ತೇನೆ.

ನಮ್ಮ ದೊಡ್ಡತ್ತೆಗೆ, ಅಪ್ಪನ ಅಕ್ಕನಿಗೆ, ಈಗ ಎಪ್ಪತ್ತೇಳು. ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಿ ಅಳುವಷ್ಟಾಗಿ ಎಲ್ಲ ಹೇಳಿಕೊಂಡೆ. ಅವಳು ಸುಮ್ನೆ ಕೇಳಿಸಿಕೊಂಡು ಒಂದೇ ಮಾತು ಹೇಳಿದಳು, "ಹೆಳವ್ರನ್ನ ಕೇಳೀಯೇನ?"

ಇಲ್ಲ, ಕೇಳಿರಲಿಲ್ಲ. ನನ್ನ ತಲೆಗೇ ಬಂದಿರಲಿಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಯಾವುದೋ ಹೆಳವರನ್ನು ಕರೆದರೆ ಆಗುವುದಿಲ್ಲ. ಊರುಗಳು, ಮನೆತನಗಳು ಅವರವರಲ್ಲಿ ಹಂಚಿಕೆಯಾಗಿರುತ್ತವೆ, ನಮ್ಮನ್ನು ಅವರು ಒಕ್ಕಲು ಎನ್ನುತ್ತಾರೆ, ಒಬ್ಬರ ಒಕ್ಕಲನ್ನು ಇನ್ನೊಬ್ಬರು ಹೇಳುವುದಿಲ್ಲ. ನಮ್ಮವರ ನಂಬರ್ ಕಾಕಾನ ಮನೆಯ ಅಡುಗೆಮನೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು, ಪಕ್ಕದಲ್ಲಿ ಹಾಲಿನವರ ನಂಬರ್, ಗ್ಯಾಸಿನವರ ನಂಬರ್. ಫೋನ್ ಎತ್ತಿದ್ದು ಮೊಮ್ಮಗ. ಅಜ್ಜ ಈ ಸಲ ನಿಮ್ಮ ಕಡೆ ಸಂಕ್ರಾಂತಿ ಮುಗಿದ ಮೇಲೆ ಬರುತ್ತಾರೆ, ಒಂದು ಇಡೀ ದಿನ ಬೇಕಾದರೆ ಮೊದಲೇ ಹೇಳಿ ಎಂದ. ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಇಬ್ಬರು, ಒಂದು ಬೈಕು. ಅಜ್ಜನ ತಲೆಗೆ ಪಟಗ, ಹೆಗಲಿಗೆ ಕೆಂಪು ಬಟ್ಟೆಯ ಗಂಟು. ಗಂಟಿನಲ್ಲಿ ಪುಸ್ತಕ.

ಪುಸ್ತಕ ಬಿಚ್ಚುವ ಮೊದಲು ಕೈಕಾಲು ತೊಳೆದರು, ವಿಭೂತಿ ಹಚ್ಚಿಕೊಂಡರು, ಪುಸ್ತಕಕ್ಕೆ ಕಾಯಿ ಒಡೆಸಿದರು. ಆಮೇಲೆ ಮನೆಯವರನ್ನೆಲ್ಲ ಕೂರಿಸಿ ಶುರು ಮಾಡಿದರು. ನಮ್ಮ ಬೆಡಗು ಅಂದರೆ ಕುಲದ ಕವಲು, ನಮ್ಮ ಮನೆದೇವರು, ನಾವು ಮೊದಲು ಯಾವ ಊರಲ್ಲಿದ್ದೆವು, ಯಾವ ಬರದಲ್ಲಿ ಅಲ್ಲಿಂದ ಎದ್ದು ಬಂದೆವು, ಬಂದವನು ಯಾರು, ಅವನಿಗೆ ಮಕ್ಕಳೆಷ್ಟು. ಒಂದೊಂದು ಹೆಸರಿಗೂ ರಾಗ ಎಳೆದು ಹೊಗಳಿಕೆ ಇರುತ್ತದೆ. ಕೇಳುತ್ತಾ ಹೋದರೆ ಮೈ ಜುಂ ಅನ್ನುತ್ತದೆ, ಇದನ್ನು ಬರೆದು ಹೇಳಲು ನನಗೆ ಬರುವುದಿಲ್ಲ. ಆರು ತಲೆಮಾರು ಎಲ್ಲೂ ತಡವರಿಸದೆ ಹೇಳಿದರು. ಅರ್ಧ ಪುಸ್ತಕ ನೋಡದೆಯೇ ಹೇಳಿದರು. ಕಾಕಾ ಮೊದಲು ಮೊಬೈಲ್ ನೋಡುತ್ತಾ ಕೂತಿದ್ದವರು ಮೂರನೇ ತಲೆಮಾರಿಗೆ ಮೊಬೈಲ್ ಮಗ್ಗುಲಾಗಿಟ್ಟರು.

ಮುತ್ತಜ್ಜನ ಹೆಸರು ಬಂತು. ಅವನಿಗೆ ಗಂಡುಮಕ್ಕಳು ಮೂವರು. ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಮೂವರೂ ನಮಗೆ ಗೊತ್ತಿದ್ದವರೇ, ಮೂವರಿಗೂ ಮಕ್ಕಳು ಮೊಮ್ಮಕ್ಕಳಿದ್ದಾರೆ. ಎಳೆಯದರಲ್ಲಿ ಹೋದವರು ಯಾರೂ ಇಲ್ಲ.

ಅಜ್ಜಾರೇ, ಸಣ್ಣವರಿದ್ದಾಗ ತೀರಿಕೊಂಡವರನ್ನು ನೀವು ಬರೆಯೋದಿಲ್ಲವಾ ಎಂದು ಕೇಳಿದೆ. ಗಂಡಾದರೆ ಬರೆದಿರುತ್ತೇವೆ, ಮುಂದೆ ಒಂದು ಗುರುತು ಹಾಕಿರುತ್ತೇವೆ ಎಂದರು. ಹೆಣ್ಣುಮಕ್ಕಳು? ಅವರು ಸ್ವಲ್ಪ ಸುಮ್ಮನಿದ್ದರು. "ಹೆಣ್ಣು ಹುಟ್ಟಿದ ಮನಿ ಬಿಟ್ಟು ಹೋಗ್ತಾಳ ಅಂತ ಹಿಂದಿನವ್ರು ಬರೀಲಿಲ್ಲವ್ವಾ ತಾಯಿ" ಎಂದರು. ನಾನು ಕಲ್ಲಿನ ವಿಷಯ ಹೇಳಿದೆ, ಆಯಿಯ ಹಾಲಿನ ಬಟ್ಟಲು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪುಸ್ತಕವನ್ನು ತಿರುಗಿಸಿ ಹಿಂದಿನ ಕಡೆಯಿಂದ ತೆರೆದರು.

ಹೆಳವರ ಪುಸ್ತಕದಲ್ಲಿ ವಂಶದ ಪುಟ ಬೇರೆ, ದಾನದ ಪುಟ ಬೇರೆ ಎಂದು ನನಗೆ ಆಗ ಗೊತ್ತಾಯಿತು. ಯಾವ ವರ್ಷ ಯಾವ ಮನೆಯವರು ಏನು ಕೊಟ್ಟರು, ಎಷ್ಟು ಜೋಳ, ಎಷ್ಟು ರೊಕ್ಕ, ಯಾವ ಬಟ್ಟೆ, ಎಲ್ಲ ಅಲ್ಲಿರುತ್ತದೆ. ಕೊಟ್ಟವರ ಹೆಸರು ಉಳಿಯಬೇಕು ಎಂದು ಬರೆಯುವುದು. ಅಜ್ಜ ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಹಾಳೆ ಕಂದಾಗಿತ್ತು, ಅಕ್ಷರ ಅವರ ಅಜ್ಜನದಂತೆ. ಮುಕ್ಕಾಲು ತಾಸು ಹಿಡಿಯಿತು. ಆಮೇಲೆ ಒಂದು ಕಡೆ ಬೆರಳು ನಿಂತಿತು, ಮೊಮ್ಮಗನನ್ನು ಕರೆದು ಇದನ್ನು ಓದು ಎಂದರು, ಅವನಿಗೆ ಬರಲಿಲ್ಲ, ತಾವೇ ಓದಿದರು.

ರೌದ್ರಿ ನಾಮ ಸಂವತ್ಸರ, ಮಾಘ ಮಾಸ. ಮುತ್ತಜ್ಜನ ಹೆಸರು. ಇವರ ಮನೆಯಿಂದ ಜೋಳ ಎರಡು ಚೀಲ, ಪಟಗ ಒಂದು. ಕಾಳಯುಕ್ತಿಯ ಜ್ವರದಲ್ಲಿ ತೀರಿದ ಮಗಳು, ವಯಸ್ಸು ಐದು, ಇವಳ ಹೆಸರಿನಲ್ಲಿ ತಾಯಿ ಕೊಟ್ಟದ್ದು ಆಕಳ ಹೆಂಗರು ಒಂದು.

ಮಗಳು ಎಂಬ ಮಾತಿನ ಮುಂದೆ ಅವಳ ಹೆಸರಿತ್ತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ಅದು ನಮ್ಮ ದೊಡ್ಡತ್ತೆಯ ಹೆಸರೇ.

ಯಾರೂ ಮಾತಾಡಲಿಲ್ಲ. ಕಾಕಾ ಎದ್ದು ಹೊರಗೆ ಹೋದರು.

ಸಂವತ್ಸರದ ಲೆಕ್ಕ ಗೊತ್ತಿಲ್ಲದವರಿಗೆ: ಪ್ರಭವದಿಂದ ಅಕ್ಷಯದವರೆಗೆ 60 ಹೆಸರು, 60 ವರ್ಷಕ್ಕೆ ಮತ್ತೆ ಅದೇ ಹೆಸರು ಬರುತ್ತದೆ. ರೌದ್ರಿ 1980ರಲ್ಲಿ ಬಂದಿತ್ತು, ಅದಕ್ಕೆ ಮೊದಲು 1920ರಲ್ಲಿ, ಅದಕ್ಕೂ ಮೊದಲು 1860ರಲ್ಲಿ. ಮುತ್ತಜ್ಜ ಬದುಕಿದ್ದ ಕಾಲ ನೋಡಿದರೆ 1920 ಒಂದೇ ಹೊಂದುವುದು, ಅದರ ಮಾಘ ಎಂದರೆ 1921ರ ಶುರುವಿನ ತಿಂಗಳು. ಕಾಳಯುಕ್ತಿ ಅದಕ್ಕೆ ಎರಡು ವರ್ಷ ಹಿಂದಿನದು. 1918ರ ಯುಗಾದಿಯಿಂದ 1919ರ ಯುಗಾದಿವರೆಗೆ. ಆ ವರ್ಷದ ಜ್ವರ ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ. 1918ರ ಜೂನ್ ಹೊತ್ತಿಗೆ ಮುಂಬೈಯಲ್ಲಿ ಕಾಣಿಸಿಕೊಂಡ ಇನ್ಫ್ಲುಯೆಂಜಾ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಎರಡನೇ ಸಲ ಎದ್ದು ಇಡೀ ಮುಂಬೈ ಪ್ರಾಂತ್ಯವನ್ನು ಬಡಿಯಿತು. ಅದೇ ವರ್ಷ ಮಳೆಯೂ ಕೈಕೊಟ್ಟಿತ್ತು, ಕಾಳಿನ ಬೆಲೆ ಏರಿತ್ತು. ದೇಶದಲ್ಲಿ ಕಡಿಮೆ ಎಂದರೂ ಒಂದು ಕೋಟಿಗಿಂತ ಹೆಚ್ಚು ಜನ ಹೋದರು ಎನ್ನುತ್ತಾರೆ. 1911ರ ಜನಗಣತಿಗಿಂತ 1921ರ ಜನಗಣತಿಯಲ್ಲಿ ದೇಶದ ಜನ ಕಡಿಮೆಯಿದ್ದರು. ಹತ್ತು ವರ್ಷದಲ್ಲಿ ಜನಸಂಖ್ಯೆ ಇಳಿದದ್ದು ಅದೊಂದೇ ಸಲ. ಶಾಲೆಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆ ಇಳಿದ ಲೆಕ್ಕದಲ್ಲಿ ನಮ್ಮ ಹೊಲದ ಕಲ್ಲೂ ಒಂದು ಎಂದು ಗೊತ್ತಿರಲಿಲ್ಲ.

ವರ್ಷ ಸಿಕ್ಕಿತಲ್ಲ, ಮತ್ತೆ ಅದೇ ಕಚೇರಿಗೆ ಹೋದೆ. ಈ ಸಲ ಹೊಸದಾಗಿ ಬಂದಿದ್ದ ಒಬ್ಬ ಹುಡುಗ ಇದ್ದ. 1918, ಇಂಥ ಊರು ಎಂದು ಬರೆದುಕೊಟ್ಟೆ. ಮಧ್ಯಾಹ್ನದ ಊಟ ಬಿಟ್ಟು ನನ್ನ ಜೊತೆ ದಾಖಲೆ ಕೋಣೆಗೆ ಬಂದ. ಪುಸ್ತಕದ ಅಂಚು ಹುಳ ತಿಂದಿತ್ತು, ಮಧ್ಯದ ಹಾಳೆಗಳು ಚೆನ್ನಾಗಿದ್ದವು. ಬರಹ ಮೋಡಿಯಲ್ಲಿ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡಕ್ಷರದ ಲಿಪಿಯಲ್ಲಿ. ಇಬ್ಬರಿಗೂ ಒಂದಕ್ಷರ ಓದಲು ಬರಲಿಲ್ಲ. ಆದರೆ ಓದಲು ಬಾರದಿದ್ದರೂ ಒಂದು ಕಾಣುತ್ತಿತ್ತು. ಉಳಿದ ತಿಂಗಳು ಒಂದು ಪುಟವೂ ತುಂಬಿರಲಿಲ್ಲ, ಅಕ್ಟೋಬರಿನಲ್ಲಿ ಪುಟದ ಮೇಲೆ ಪುಟ. ಕೈಬರಹ ಅವಸರದ್ದು, ಸಾಲುಗಳು ಒತ್ತೊತ್ತಾಗಿ ಕೆಳಗಿಳಿದಿದ್ದವು. ನಡುವೆ ಒಂದು ಕಡೆ ಕೈಯೇ ಬದಲಾಗಿತ್ತು. ಮೊದಲು ಬರೆಯುತ್ತಿದ್ದವರಿಗೆ ಏನಾಯಿತೋ.

ಅರ್ಜಿ ಕೊಟ್ಟು ಆ ಪುಟಗಳ ನಕಲು ಪಡೆದು ಬೆಳಗಾವಿಯಲ್ಲಿ ಮೋಡಿ ಓದುವ ಒಬ್ಬ ಹಿರಿಯರ ಹತ್ತಿರ ಹೋದೆ. ಹಳೆಯ ಭೂಮಿ ಕಾಗದ ಓದಿಕೊಡುವುದು ಅವರ ಕೆಲಸ, ಪುಟಕ್ಕೆ ಇಷ್ಟು ಎಂದು ತೆಗೆದುಕೊಳ್ಳುತ್ತಾರೆ. ಇವರ ಸೇವೆಯೂ ಬಹಳ ಚೆನ್ನಾಗಿತ್ತು. ಓದಿದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬರೆದುಕೊಟ್ಟರು, ಅನುಮಾನ ಇದ್ದ ಅಕ್ಷರಕ್ಕೆ ಅಡಿಗೆರೆ ಹಾಕಿದರು. ಎರಡನೇ ಪುಟದ ನಡುವೆ ಮುತ್ತಜ್ಜನ ಹೆಸರು ಸಿಕ್ಕಿತು. ಇಂಥವರ ಮಗಳು, ವಯಸ್ಸು ಐದು, ಕಾರಣ ಜ್ವರ. ಅಷ್ಟೇ. ಅವಳ ಹೆಸರು ಅಲ್ಲಿ ಇಲ್ಲ. ಆ ಪುಟದ ಮಕ್ಕಳು ಹೆಚ್ಚಿನವರು ಇಂಥವರ ಮಗ, ಇಂಥವರ ಮಗಳು. ಕಾರಣದ ಜಾಗದಲ್ಲಿ ಎಲ್ಲರಿಗೂ ಜ್ವರ. ಆ ವರ್ಷ ಇನ್ಫ್ಲುಯೆಂಜಾದಿಂದ ಹೋದವರನ್ನು ಬಹಳ ಕಡೆ ಹೀಗೆ ಜ್ವರದ ಲೆಕ್ಕಕ್ಕೇ ಸೇರಿಸಿದರು, ಹಳ್ಳಿಯ ಪಾಟೀಲರಿಗೆ ಬೇರೆ ಹೆಸರು ಹೇಗೆ ಗೊತ್ತಿರಬೇಕು.

ಸರ್ಕಾರದ ಪುಸ್ತಕದಲ್ಲಿ ದಿನ ಇತ್ತು, ಹೆಸರಿರಲಿಲ್ಲ. ಹೆಳವರ ಪುಸ್ತಕದಲ್ಲಿ ಹೆಸರಿತ್ತು, ದಿನ ಇರಲಿಲ್ಲ. ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹುಬ್ಬಳ್ಳಿಗೆ ಹೋದೆ.

ದೊಡ್ಡತ್ತೆ ಕಾಗದ ಕೈಗೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಅವಳು ಹುಟ್ಟಿದಾಗ ಮುತ್ತಜ್ಜಿ ಬದುಕಿದ್ದಳು. ಮೊದಲ ಮೊಮ್ಮಗಳಿಗೆ ಇದೇ ಹೆಸರು ಇಡಬೇಕು ಎಂದು ಹಟ ಹಿಡಿದವಳು ಅವಳೇ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ಯಾಕೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ದೊಡ್ಡತ್ತೆ ಬಹಳ ಹೊತ್ತು ಬಿಟ್ಟು ಹೇಳಿದಳು, "ಆಕಿ ನನ್ನ ಹೆಸರು ಹಿಡದು ಒಮ್ಮೆನೂ ಕರೀಲಿಲ್ಲ. ಕೂಸ ಬಾ, ಕೂಸ ಉಣ್ಣು, ಮದಿವಿ ವಯಸ್ಸಿಗೆ ಬಂದ್ರೂ ಕೂಸ ಅಂತನ ಕರೀತಿದ್ಲು. ನನಗ ಸಿಟ್ಟ ಬರ್ತಿತ್ತು." ಹೆಸರಿಟ್ಟವಳು ತಾನೇ, ಆ ಹೆಸರನ್ನು ಬಾಯಿಂದ ಆಡಲು ಅವಳಿಗೆ ಆಗಲಿಲ್ಲ. ಮುತ್ತಜ್ಜಿ ಓದು ಬರಹ ಕಂಡವಳಲ್ಲ. ಎಲ್ಲಿಯಾದರೂ ಒಂದು ಕಡೆ ಮಗಳ ಹೆಸರು ಬರೆದಿರಲಿ ಎಂದು ಅವಳಿಗೆ ಅನಿಸಿರಬೇಕು, ವಂಶದಲ್ಲಿ ಬರೆಯುವುದಿಲ್ಲ ಎಂದು ಗೊತ್ತಿದ್ದೇ ಕರು ಕೊಟ್ಟು ದಾನದ ಪುಟದಲ್ಲಿ ಬರೆಸಿದಳು ಎಂದು ನಾನು ನಂಬುತ್ತೇನೆ. ಬರಗಾಲ ಮುಗಿದು ಎರಡು ವರ್ಷವೂ ಆಗದ ಮನೆಯಲ್ಲಿ ಹೆಂಗರು ಕೊಡುವುದು ಸಣ್ಣ ಮಾತಲ್ಲ.

ಇನ್ನು ಸೇವೆಯ ಲೆಕ್ಕಕ್ಕೆ ಬರುತ್ತೇನೆ, ಇದು ರಿವ್ಯೂ ಅಲ್ವಾ. ಹೆಳವರು ಇಷ್ಟು ಎಂದು ಕೇಳುವುದಿಲ್ಲ. ನಾವು ಒಂದು ಚೀಲ ಜೋಳ, ಅಜ್ಜನಿಗೆ ಒಂದು ಪಟಗ, ಅವರ ಮನೆಯವರಿಗೆ ಒಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, 5,000 ರೂಪಾಯಿ ಕೊಟ್ಟೆವು. ಆ ಆ್ಯಪಿಗೆ ನಾನು ಕಟ್ಟಿದ ಹಣ ಇದಕ್ಕಿಂತ ಜಾಸ್ತಿ. ಇಡೀ ದಿನ ಕೂತರು, ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ಬೇಸರ ಮಾಡಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು, ಇದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಮುತ್ತಜ್ಜನ ತಮ್ಮನ ಒಂದು ಕವಲು ಎಲ್ಲಿಗೆ ಹೋಯಿತು ಎಂದು ಕೇಳಿದಾಗ, ನಮ್ಮ ಅಪ್ಪ ಬರೆದಿಲ್ಲ, ನಾನು ಕಟ್ಟಿ ಹೇಳುವುದಿಲ್ಲ ಎಂದರು. ಪುಟದ ಫೋಟೋ ತೆಗೆಯಲು ಮೊದಲು ಒಪ್ಪಲಿಲ್ಲ. ಪುಸ್ತಕ ಅವರ ಅನ್ನ, ಫೋಟೋ ಇದ್ದರೆ ಮುಂದೆ ಯಾರು ಕರೆಯುತ್ತಾರೆ ಎಂಬುದು ಅವರ ಭಯ. ಅದು ನ್ಯಾಯವೇ. ಕೊನೆಗೆ ಆ ಒಂದು ಸಾಲಿನ ಫೋಟೋಗೆ ಮಾತ್ರ ಒಪ್ಪಿದರು. ಹೇಳುವಾಗ ದನಿ ರೆಕಾರ್ಡ್ ಮಾಡಿಕೊಳ್ಳಬಹುದು, ಕೇಳಿ ಮಾಡಿಕೊಳ್ಳಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಕಡಿಮೆ ಎಂದರೆ ಹೆಣ್ಣುಮಕ್ಕಳು. ಆರು ತಲೆಮಾರಿನ ಪುಸ್ತಕದಲ್ಲಿ ನಮ್ಮ ಮನೆಯಲ್ಲಿ ಹುಟ್ಟಿದ ಒಬ್ಬಳ ಹೆಸರೂ ವಂಶದ ಸಾಲಿನಲ್ಲಿ ಇರಲಿಲ್ಲ. ನಾನೂ ಇರಲಿಲ್ಲ. ಇದು ಹೆಳವಜ್ಜನ ತಪ್ಪು ಎಂದು ಹೇಳುವುದಿಲ್ಲ, ಬರೆಸಿದವರು ನಮ್ಮ ಹಿರಿಯರೇ. ಆದರೆ ನೀವು ಹುಡುಕುತ್ತಿರುವುದು ಹೆಣ್ಣುಮಗುವನ್ನಾದರೆ ವಂಶದ ಪುಟದಲ್ಲಿ ಇಲ್ಲ ಎಂದಕೂಡಲೇ ಏಳಬೇಡಿ, ದಾನದ ಪುಟ ಓದಿಸಿ. ಹಾಗೇ ತಾಲೂಕು ಕಚೇರಿಗೆ ಮೊದಲು ಹೋಗಬೇಡಿ, ಸಂವತ್ಸರವೋ ಇಸವಿಯೋ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮನೆಯಲ್ಲಿ ಎಪ್ಪತ್ತು ದಾಟಿದ ಹೆಣ್ಣುಮಕ್ಕಳಿದ್ದರೆ ಅವರನ್ನು ಎಲ್ಲರಿಗಿಂತ ಮೊದಲು ಕೇಳಿ. ಮಕ್ಕಳಿಗೆ ಇಟ್ಟ ಹೆಸರುಗಳನ್ನು ನೋಡಿ, ಅದರಲ್ಲಿ ಒಂದು ಹೆಸರು ಇದ್ದಕ್ಕಿದ್ದ ಹಾಗೆ ಬಂದಿದ್ದರೆ ಯಾರು ಇಟ್ಟರು ಎಂದು ವಿಚಾರಿಸಿ.

ಇನ್ನೊಂದು ಮಾತು. ಆ ಮೊಮ್ಮಗ ಹುಡುಗ ಬೆಳಗಾವಿಯಲ್ಲಿ ಐಟಿಐ ಓದುತ್ತಿದ್ದಾನೆ. ಅಜ್ಜನ ಅಜ್ಜನ ಅಕ್ಷರ ಅವನಿಗೆ ಓದಲು ಬರುವುದಿಲ್ಲ, ರಾಗ ಅರ್ಧ ಬರುತ್ತದೆ. ನಿಮ್ಮ ಹೆಳವರೂ ಹೀಗೇ ಇರಬಹುದು. ಕೇಳುವುದಿದ್ದರೆ ಈ ಸುಗ್ಗಿಗೇ ಕೇಳಿ.

ಹೆಳವಜ್ಜನನ್ನು ಈ ಎಳ್ಳ ಅಮಾವಾಸ್ಯೆಗೆ ಮತ್ತೆ ಕರೆಸಿದೆವು. ದೊಡ್ಡತ್ತೆಯೂ ಹುಬ್ಬಳ್ಳಿಯಿಂದ ಬಂದಿದ್ದಳು. ಬೇವಿನ ಗಿಡದ ನೆರಳಲ್ಲಿ ಕೂತು ವಂಶದ ಪುಟ ತೆಗೆಸಿ, ಮೂವರು ಗಂಡುಮಕ್ಕಳ ಸಾಲಿನಲ್ಲಿ ಮೊದಲ ಜಾಗಕ್ಕೆ ಆ ಕೂಸಿನ ಹೆಸರು ಬರೆಸಿದೆವು, ಅವಳೇ ಅಲ್ವಾ ಹಿರಿಯಳು. ಆಮೇಲೆ ದೊಡ್ಡತ್ತೆಯದು, ಆಮೇಲೆ ನನ್ನದು, ನನ್ನ ಮಗಳದು. ಬರೆದದ್ದನ್ನು ಅಜ್ಜ ರಾಗವಾಗಿ ಓದಿದರು, ಹೊಗಳಿಕೆಯ ಮಾತುಗಳೂ ಸೇರಿ. ಕರು ಕೊಡುತ್ತೇನೆ ಎಂದು ದೊಡ್ಡತ್ತೆ ಹೇಳಿದಳು. ಬೈಕಿನ ಮೇಲೆ ಹೇಗೆ ಒಯ್ಯಲಿ ತಾಯಿ ಎಂದು ಅಜ್ಜ ಹಣ ತೆಗೆದುಕೊಂಡರು, ಆದರೆ ದಾನದ ಪುಟದಲ್ಲಿ ಹೆಂಗರು ಒಂದು ಎಂದೇ ಬರೆದರು. ದೊಡ್ಡತ್ತೆ ಹಾಲಿನ ಬಟ್ಟಲು ಇಟ್ಟಳು. ಕಾಕಾ ಡ್ರಿಪ್ ಪೈಪನ್ನು ಆ ಕಲ್ಲಿನ ಸುತ್ತ ಬಳಸಿ ಹಾಕಿಸಿದ್ದಾರೆ.